ಉಪ್ಪಿಲ್ಲದ ನೀರು ಕೋಶ ತೊಳೆಯುತ್ತಾ? ಫ್ಯಾಮಿಲಿ ಗ್ರೂಪಲ್ಲಿ ನಡೆದ ವಾದ

ಚಿಕ್ಕಪ್ಪ: (ಫಾರ್ವರ್ಡ್) "ಉಪ್ಪು, ಖನಿಜ ಏನೂ ಇಲ್ಲದ ಅಪ್ಪಟ ಶುದ್ಧ ನೀರನ್ನು ಬೆಳಿಗ್ಗೆ ಒಂದೇ ಸಲಕ್ಕೆ 3 ಲೀಟರ್ ಕುಡಿಯಿರಿ. ನೀರು ಪ್ರತಿ ಜೀವಕೋಶದೊಳಗೆ ನುಗ್ಗಿ, ಪಾತ್ರೆ ತೊಳೆದ ಹಾಗೆ ವಿಷವನ್ನೆಲ್ಲ ಹೊರಗೆ ತಳ್ಳುತ್ತದೆ. ಭೇದಿಯಾದಾಗಲೂ ಇದೇ ನೀರು ಕೊಡಿ, ಉಪ್ಪು ಸಕ್ಕರೆ ಬೆರೆಸಬೇಡಿ. ಎಲ್ಲರಿಗೂ ಕಳಿಸಿ."

ಅತ್ತೆ: ಒಳ್ಳೇ ಮಾಹಿತಿ, ಇನ್ನೊಂದು ಗ್ರೂಪಿಗೂ ಹಾಕ್ತೀನಿ

ವಿದ್ಯಾ: ಅತ್ತೆ, ದಯವಿಟ್ಟು ಹಾಕ್ಬೇಡಿ. ಚಿಕ್ಕಪ್ಪ ಬೇಜಾರ್ ಮಾಡ್ಕೋಬೇಡಿ, ಇದ್ರಲ್ಲಿ ಒಂದೇ ಮಾತು ನಿಜ, ನೀರು ಕೋಶದೊಳಗೆ ಹೋಗುತ್ತೆ ಅನ್ನೋದು, ಅಪಾಯ ಇರೋದೂ ಅಲ್ಲೇ. ಭೇದಿ ವಿಷಯ ಅಂತೂ ಯಾರಾದ್ರೂ ನಂಬಿ ಮಗೂಗೆ ಹಾಗೆ ಮಾಡಿದ್ರೆ ಜೀವಕ್ಕೇ ಕುತ್ತು

ಚಿಕ್ಕಪ್ಪ: ನೀರು ಕುಡಿದು ಯಾರಿಗೆ ಏನಾಗಿದೆಯಮ್ಮ? ಆಸ್ಪತ್ರೇಲಿ ಡ್ರಿಪ್ ಹಾಕೋದೂ ನೀರೇ ತಾನೆ

ವಿದ್ಯಾ: ಬರೀ ನೀರಲ್ಲ ಚಿಕ್ಕಪ್ಪ. ಸಲೈನ್ ಬಾಟಲ್‌ನಲ್ಲಿ ಶೇ 0.9 ಉಪ್ಪಿರುತ್ತೆ, ಅಂದ್ರೆ ಲೀಟರಿಗೆ 9 ಗ್ರಾಂ. ಕೆಂಪು ರಕ್ತಕಣಾನ ಬರೀ ನೀರಿಗೆ ಹಾಕಿದ್ರೆ ಊದಿ ಒಡೆದೇ ಹೋಗುತ್ತೆ, ಗಟ್ಟಿ ಉಪ್ಪುನೀರಿಗೆ ಹಾಕಿದ್ರೆ ಸುಕ್ಕುಗಟ್ಟುತ್ತೆ, 0.9ರಲ್ಲಿ ಇದ್ದ ಹಾಗೇ ಇರುತ್ತೆ. ಕರಗಿರೋ ಪದಾರ್ಥ ಎಲ್ಲಿ ಜಾಸ್ತಿ ಇದೆಯೋ ನೀರು ಆ ಕಡೆಗೆ ಸಾಗುತ್ತೆ, ಆಸ್ಮೋಸಿಸ್ ಅಂದ್ರೆ ಅದೇ

ಪ್ರಣವ್: ಅಕ್ಕ ಒಂದ್ ಡೌಟು, ಕೋಶದ ಪೊರೆ ಕೊಬ್ಬಿಂದಲ್ವಾ ಆಗಿರೋದು, ನೀರು ಹೇಗೆ ದಾಟುತ್ತೆ

ವಿದ್ಯಾ: ಕೊಬ್ಬಿನ ಮಧ್ಯೆ ಸ್ವಲ್ಪ ಹೇಗೋ ನುಸುಳುತ್ತೆ ಕಣೋ, ಆದ್ರೆ ಜೋರಾಗಿ ಹರಿಯೋಕೆ ಅಕ್ವಾಪೊರಿನ್ ಅನ್ನೋ ಪ್ರೋಟೀನ್ ಇದೆ. ಒಂದೊಂದರ ಮೂಲಕ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣು ಹೋಗುತ್ತೆ, ಅದನ್ನ ಕಂಡುಹಿಡಿದಿದ್ದಕ್ಕೆ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಆದ್ರೆ ಅದು ನೀರಿಗೆ ದಾರಿ ಮಾತ್ರ, ಯಾವ ಕಡೆ ಹೋಗ್ಬೇಕು ಅಂತ ಅದು ಹೇಳಲ್ಲ. ಉಪ್ಪಿನಲ್ಲಿರೋ ಸೋಡಿಯಂ ಅಂತೂ ಆ ದಾರೀಲಿ ಬರೋ ಹಾಗೇ ಇಲ್ಲ, ಕೋಶದೊಳಗೆ ಸೇರಿದ 3 ಸೋಡಿಯಂ ಹೊರಗೆ ಹಾಕಿ 2 ಪೊಟಾಶಿಯಂ ಒಳಗೆ ತಗೊಳ್ಳೋಕೆ ಬೇರೆ ಪಂಪೇ ಇದೆ, ಒಂದೊಂದು ಸಲಕ್ಕೂ ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡೋ ಅಣು) ಖರ್ಚು. ಹೀಗಿರೋವಾಗ ನೀರು ನುಗ್ಗಿದ ರಭಸಕ್ಕೆ ವಿಷ ಹೊರಗೆ ಬೀಳುತ್ತೆ ಅನ್ನೋದು ಸುಳ್ಳು, ಒಳಗೆ ಬಂದ ನೀರು ಏನನ್ನೂ ತಳ್ಳಲ್ಲ, ಕೋಶ ಊದುತ್ತೆ ಅಷ್ಟೇ

ಚಿಕ್ಕಪ್ಪ: ನಾನು ದಿನಾ ಎರಡು ಲೋಟ ಕುಡೀತೀನಿ, ನನ್ ರಕ್ತಕಣ ಒಡೆದಿಲ್ವಲ್ಲ

ವಿದ್ಯಾ: ಒಡೆಯಲ್ಲ, ಕುಡಿದ ನೀರು ಕರುಳಿಂದ ನಿಧಾನಕ್ಕೆ ರಕ್ತಕ್ಕೆ ಸೇರುತ್ತೆ, ಹೆಚ್ಚಾಗಿದ್ದನ್ನ ಕಿಡ್ನಿ ಹೊರಗೆ ಹಾಕುತ್ತೆ. ಎರಡು ಲೋಟದ ಬಗ್ಗೆ ನನ್ನ ತಕರಾರಿಲ್ಲ, ಅದು ಖನಿಜ ಇಲ್ಲದ ನೀರೇ ಆಗಿರ್ಲಿ. ಆದ್ರೆ ಕಿಡ್ನಿ ಗಟ್ಟಿಮುಟ್ಟಾಗಿದ್ರೂ ಗಂಟೆಗೆ ಹೆಚ್ಚುಕಮ್ಮಿ ಒಂದು ಲೀಟರ್ ಅಷ್ಟೇ ಹೊರಗೆ ಹಾಕೋಕಾಗೋದು, 3 ಲೀಟರ್ ಒಂದೇ ಸಲ ಕುಡಿದ್ರೆ ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದ ಸೋಡಿಯಂ ಕೆಳಗಿಳಿಯಬಹುದು, ಆಗ ರಕ್ತದ ನೀರು ಕೋಶಗಳೊಳಗೆ ಹೊರಡುತ್ತೆ, ಬೇರೆ ಕಡೆ ಊದಿದ್ರೆ ಜಾಗ ಇರುತ್ತೆ ಆದ್ರೆ ಮಿದುಳು ತಲೆಬುರುಡೆಯೊಳಗೆ ಊದೋಕೆ ಜಾಗ ಎಲ್ಲಿದೆ ಚಿಕ್ಕಪ್ಪ, ಮೊದಲು ತಲೆನೋವು ವಾಂತಿ, ತೀರಾ ಇಳಿದ್ರೆ ಫಿಟ್ಸ್. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದ್ರೆ ಶೇ 13 ಜನಕ್ಕೆ ಸೋಡಿಯಂ 135 ಅಥವಾ ಅದಕ್ಕಿಂತ ಕಮ್ಮಿ ಇತ್ತು, ಓಡ್ತಾ ಓಡ್ತಾ ನೀರು ಕುಡಿದು ತೂಕ ಏರಿದವರಲ್ಲೇ ಇದು ಜಾಸ್ತಿ

ಅತ್ತೆ: ಅಯ್ಯೋ ಇಷ್ಟೆಲ್ಲಾ ಇದೆಯಾ. ಭೇದಿಗೆ ಉಪ್ಪು ಸಕ್ಕರೆ ಯಾಕೆ ಬೇಕೇ ಬೇಕು ಅಂತ ಹೇಳು ವಿದ್ಯಾ

ಚಿಕ್ಕಪ್ಪ: ನೀರು ಕಳ್ಕೊಂಡವ್ರಿಗೆ ನೀರು ಕೊಟ್ರೆ ಸಾಲ್ದಾ, ನಂಗೆ ಇದೊಂದು ಅರ್ಥ ಆಗ್ತಿಲ್ಲ

ವಿದ್ಯಾ: ಸಾಲಲ್ಲ ಚಿಕ್ಕಪ್ಪ, ನೀರಿನ ಜೊತೆ ಉಪ್ಪೂ ಹೋಗಿರುತ್ತೆ. ನೀರನ್ನೇ ಎತ್ತಿ ಒಳಗೆ ಹಾಕೋ ಪಂಪ್ ಕರುಳಲ್ಲಿಲ್ಲ. ಅಲ್ಲಿನ ಕೋಶದ ಪೊರೇಲಿ ಒಂದು ಪ್ರೋಟೀನ್ ಇದೆ, ಒಂದು ಗ್ಲೂಕೋಸ್ ಜೊತೆಗೆ ಎರಡು ಸೋಡಿಯಂ ಒಟ್ಟಿಗೆ ಸಿಕ್ಕಿದ್ರೇನೇ ಒಳಗೆ ತಗೊಳ್ಳುತ್ತೆ, ಅವು ಹೋದ ಹಿಂದೆ ನೀರು ಹೋಗುತ್ತೆ. ಕಾಲರಾದಲ್ಲಿ ಕರುಳು ನೀರು ಸುರಿಸ್ತಿದ್ರೂ ಈ ಪ್ರೋಟೀನ್ ಕೆಲಸ ನಿಲ್ಸಲ್ಲ, ಓಆರ್‌ಎಸ್, ಅಂದ್ರೆ ಅಳತೆ ಪ್ರಕಾರ ಉಪ್ಪು ಸಕ್ಕರೆ ಬೆರೆಸಿದ ನೀರು, ಕೆಲಸ ಮಾಡೋದು ಇದ್ರಿಂದಾನೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಸಾಲದೇ ಹೋದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಇದನ್ನೇ ಕುಡಿಸಿದ್ರು, ಶೇ 30ರ ಆಸುಪಾಸು ಇದ್ದ ಸಾವು ಶೇ 4ಕ್ಕಿಂತ ಕೆಳಗೆ ಬಂತು. ಇಂಥದ್ದನ್ನ ಬಿಟ್ಬಿಡಿ ಅಂತ ಯಾರೋ ಬರೆದು ಹಂಚೋದು ನೋಡಿದ್ರೆ ನಿಜಕ್ಕೂ ಸಿಟ್ಟು ಬರುತ್ತೆ

ಪ್ರಣವ್: ಹಾಗಾದ್ರೆ ಸಕ್ಕರೆ ಜಾಸ್ತಿ ಹಾಕಿದ್ರೆ ಇನ್ನೂ ಬೇಗ ಒಳಗೆ ಹೋಗುತ್ತಾ ಅಕ್ಕ

ವಿದ್ಯಾ: ಇಲ್ಲ, ಉಲ್ಟಾ ಆಗುತ್ತೆ. ಹೀರದೆ ಉಳಿದ ಸಕ್ಕರೆ ದೇಹದ ನೀರನ್ನೇ ಕರುಳಿಗೆ ಎಳೆಯುತ್ತೆ, ಭೇದಿ ಜಾಸ್ತಿಯಾಗುತ್ತೆ. ಅಳತೆ ಮುಖ್ಯ ಅನ್ನೋದು ಅದಕ್ಕೇ

ಚಿಕ್ಕಪ್ಪ: ಸರಿ, ಭೇದಿ ಮಾತು ಒಪ್ಕೋತೀನಿ. ಬೆಳಿಗ್ಗೆ ನೀರು ಕುಡಿಯೋದು ಮಾತ್ರ ಬಿಡಲ್ಲ. ಆದ್ರೆ ಇದನ್ನ ಆಗ್ಲೇ ಆಫೀಸ್ ಗ್ರೂಪಿಗೆ ಹಾಕಿದ್ದೀನಿ, ಡಿಲೀಟ್ ಫಾರ್ ಎವ್ರಿವನ್ ಬರ್ತಿಲ್ಲ

ವಿದ್ಯಾ: ಕುಡೀರಿ ಚಿಕ್ಕಪ್ಪ, ಬಿಡಿ ಅಂತ ನಾನೂ ಹೇಳಲ್ಲ. ಅಲ್ಲಿ ಅದರ ಕೆಳಗೇ ರಿಪ್ಲೈ ಮಾಡಿ ಇದನ್ನ ಹಾಕಿ: "ಮೇಲಿನ ಮೆಸೇಜ್ ತಪ್ಪು. ಭೇದಿಯಾದ್ರೆ ಓಆರ್‌ಎಸ್ ಕೊಡಿ, ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಪೂರ್ತಿ ಪ್ಯಾಕೆಟ್ ಕರಗಿಸಿ, ಹೆಚ್ಚು ಕಮ್ಮಿ ಮಾಡ್ಬೇಡಿ, ಬೇರೆ ಸಕ್ಕರೆ ಸೇರಿಸ್ಬೇಡಿ. ಮಗು ಮಂಕಾಗಿದ್ರೆ ಅಥವಾ ಕುಡಿಯೋಕೆ ಆಗ್ತಿಲ್ಲ ಅಂದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಚಿಕ್ಕಪ್ಪ: ಹಾಕ್ದೆ