ಸ್ಪ್ಲಟೂನ್ 3 ಎಂಟು ವರ್ಷದ ಮಗನಿಗೆ ಕೊಡಿಸಬಹುದಾ?

ಪುಟ್ಟನ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವಿರುವುದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಮಗನಿಗೆ ಎಂಟು ವರ್ಷ, ಮಗಳಿಗೆ ಐದು. ಮನೆಯಲ್ಲಿ ವಿಡಿಯೋ ಗೇಮ್ ಆಡುವ ನಿಂಟೆಂಡೊ ಸ್ವಿಚ್ ಇದೆ, ಆದರೆ ಇಲ್ಲಿಯವರೆಗೆ ಕಾರ್ ರೇಸ್ ಬಿಟ್ಟು ಬೇರೇನೂ ಕೊಡಿಸಿಲ್ಲ. ಈಗ ಕ್ಲಾಸಿನ ಹುಡುಗರೆಲ್ಲ ಸ್ಪ್ಲಟೂನ್ 3 ಆಡುತ್ತಾರಂತೆ, ನನಗೂ ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಡಬ್ಬದ ಮೇಲೆ 7 ಅಂತ ಇದೆ. ಅಮೆರಿಕದಲ್ಲಿರುವ ನಾದಿನಿ, ನಮ್ಮ ಕಡೆ ಅದು ಹತ್ತು ವರ್ಷ ಆದವರಿಗೆ ಅಂತಾಳೆ. ಅವನ ಗೆಳೆಯನ ಮನೆಯಲ್ಲಿ ಸ್ವಲ್ಪ ಹೊತ್ತು ನೋಡಿದೆ. ಬಣ್ಣ ಬಣ್ಣವಾಗಿ ಚೆನ್ನಾಗಿದೆ, ಆದರೆ ಕೈಯಲ್ಲಿರುವುದು ಬಂದೂಕೇ ಅಲ್ವಾ? ಯೂಟ್ಯೂಬ್‌ನಲ್ಲಿ ಅವನು ಇದನ್ನೇ ನೋಡುತ್ತಿದ್ದಾಗ ವಿಡಿಯೋ ಕಾಲ್‌ನಲ್ಲಿದ್ದ ಮಾವನವರು "ಇಷ್ಟು ಚಿಕ್ಕ ಮಗುವಿಗೆ ಹೊಡೆದಾಡೋ ಆಟ ಯಾಕಮ್ಮಾ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಆಡಿಸಿದವರು ಯಾರಾದರೂ ಇದ್ದರೆ ಹೇಳಿ.

ತೀರ್ಥಹಳ್ಳಿಯವ:
ನನ್ನ ಮಟ್ಟಿಗೆ ಬೇಡ. ಗುಂಡಿನ ಬದಲು ಬಣ್ಣ ಬಂದರೂ ಗುರಿ ಇಟ್ಟು ಹೊಡೆಯುವ ಅಭ್ಯಾಸ ಅದೇ. ನಿಮ್ಮ ಊರಲ್ಲಿ ಸೈಕಲ್ ಹೊಡೆಯೋಕೆ ಅಷ್ಟು ಒಳ್ಳೆ ದಾರಿಗಳಿವೆ. ಹೊರಗೆ ಕಳಿಸಿ.

ಆಲ್ಮೇರೆ ಆಂಟಿ:
ಪುಟ್ಟನ ಅಮ್ಮ, ನನ್ನ ಹತ್ತು ವರ್ಷದ ಮಗಳು ಇದನ್ನು ಆಡುತ್ತಾಳೆ. ಪಕ್ಕದಲ್ಲಿ ಕೂತು ನಾನೂ ಆಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ಅಂಕಿಯ ವಿಷಯ. ಯಾವ ಆಟ ಯಾವ ವಯಸ್ಸಿಗೆ ಅಂತ ಗೊತ್ತುಮಾಡುವ ಸಂಸ್ಥೆಗಳಲ್ಲಿ ಯುರೋಪಿನ ಪೆಗಿ 7 ಅನ್ನುತ್ತೆ, ಅಮೆರಿಕದ ಇಎಸ್‌ಆರ್‌ಬಿ 10 ಅನ್ನುತ್ತೆ, ಆಟ ಹುಟ್ಟಿದ ಜಪಾನಿನಲ್ಲಿ ಎಲ್ಲ ವಯಸ್ಸಿನವರಿಗೂ ಆಗಬಹುದು ಅಂತ ಬಿಟ್ಟಿದ್ದಾರೆ. ಇರುವುದು ಒಂದೇ ಆಟ. ಪೆಗಿಯವರು ನೋಡುವುದು ತೆರೆಯ ಮೇಲೆ ಏನೇನು ಬರುತ್ತೆ ಅನ್ನುವುದನ್ನು. ಆಟ ಎಷ್ಟು ಕಷ್ಟ, ಸೋತಾಗ ಮಗು ಹೇಗಿರುತ್ತೆ, ಅದೆಲ್ಲ ಆ ಲೆಕ್ಕದಲ್ಲಿ ಇಲ್ಲ. ಅದನ್ನು ನಾವೇ ನೋಡಬೇಕು.

ಇನ್ನು ಬಂದೂಕು. ಮುಖ್ಯ ಆಟದಲ್ಲಿ ಆ ಕಡೆ ನಾಲ್ಕು ಜನ, ಈ ಕಡೆ ನಾಲ್ಕು ಜನ. ಸಮಯ ಮೂರು ನಿಮಿಷ. ನೆಲಕ್ಕೆ ಯಾರು ಜಾಸ್ತಿ ಬಣ್ಣ ಬಳಿದರೋ ಅವರು ಗೆದ್ದರು. ಎದುರಿನವರಿಗೆ ಎಷ್ಟು ಸಲ ಹೊಡೆದಿರಿ ಅನ್ನುವುದರ ಮೇಲೆ ಗೆಲುವು ನಿಂತಿಲ್ಲ. ಬಂದೂಕಿನಂಥ ಆಯುಧಗಳು ಇವೆ, ಆದರೆ ಪೇಂಟ್ ರೋಲರ್, ಬ್ರಶ್, ಬಕೆಟ್, ಕೊಡೆಯೂ ಇವೆ. ನನ್ನ ಮಗಳು ಸದಾ ರೋಲರ್ ಹಿಡಿಯುತ್ತಾಳೆ. ಉಳಿದವರೆಲ್ಲ ನಡುವೆ ನುಗ್ಗಿ ಹೊಡೆದಾಡುತ್ತಿದ್ದರೆ ಇವಳು ಹಿಂದಿನ ಮೂಲೆಮೂಲೆಗಳನ್ನು ಬಿಡದೆ ಬಳಿಯುತ್ತಾ ಬರುತ್ತಾಳೆ. ತಂಡ ಗೆಲ್ಲುವುದಕ್ಕೆ ಅದೂ ನಿಜವಾಗಿ ಬೇಕಾದ ಕೆಲಸ.

ಏಟು ತಿಂದ ಪಾತ್ರ ಎದುರಾಳಿಯ ಬಣ್ಣವಾಗಿ ಸಿಡಿಯುತ್ತೆ. ಪುಟ್ಟದೊಂದು ದೆವ್ವದ ಆಕಾರ ಮೇಲೆ ಹಾರುತ್ತೆ. ಕೆಲವೇ ಸೆಕೆಂಡಿನಲ್ಲಿ ಆ ಪಾತ್ರ ತನ್ನ ಜಾಗದಿಂದ ಮತ್ತೆ ಓಡಿ ಬರುತ್ತೆ. ರಕ್ತ ಇಲ್ಲ, ಹೆಣ ಇಲ್ಲ, ನರಳಾಟ ಇಲ್ಲ. ಹಾಗಂತ ಇದು ಬರೀ ಓಕುಳಿ ಅಂತ ಮಾವನವರಿಗೆ ಹೇಳಬೇಡಿ. ತೀರ್ಥಹಳ್ಳಿಯವರು ಹೇಳಿದ ಹಾಗೆ ಗುರಿ ಇಟ್ಟು ಹೊಡೆಯುವುದು ಇದ್ದೇ ಇದೆ. ಅದು ನಿಮಗೆ ಒಪ್ಪಿಗೆ ಇಲ್ಲ ಅಂದರೆ ಕೊಡಿಸಬೇಡಿ. ಅದರಲ್ಲಿ ತಪ್ಪೇನೂ ಇಲ್ಲ.

ನನ್ನ ಚಿಂತೆ ಬೇರೆ, ಅದು ಸೋಲಿನದು. ಕೊನೆಯ ನಿಮಿಷ ಬಂದಾಗ ಸಂಗೀತ ಬದಲಾಗಿ ಅವಸರ ಹತ್ತಿಸುತ್ತೆ. ಗೆದ್ದೇಬಿಟ್ಟೆವು ಅಂದುಕೊಂಡ ಆಟ ಅಲ್ಲೇ ಕೈತಪ್ಪಬಹುದು. ಮುಗಿದ ಮೇಲೆ ದಪ್ಪನೆಯ ಬೆಕ್ಕೊಂದು ಬಾವುಟ ಎತ್ತಿ ಗೆದ್ದವರನ್ನು ತೋರಿಸುತ್ತೆ. ಶುರುವಿನಲ್ಲಿ ಆ ಬಾವುಟ ಎದುರಿನವರ ಬಣ್ಣದ್ದಾದರೆ ಸಾಕು, ಇವಳ ಕಿವಿ ಕೆಂಪಾಗುತ್ತಿತ್ತು. ಕಂಟ್ರೋಲರ್ ಸೋಫಾದ ಮೇಲೆ ಎಸೆಯುತ್ತಿದ್ದಳು. ಈಗ ತಡೆದುಕೊಳ್ಳುತ್ತಾಳೆ. ಎಂಟು ವರ್ಷದಲ್ಲಿ ಅವಳ ಕೈಲಿ ಆಗುತ್ತಿರಲಿಲ್ಲ ಅನಿಸುತ್ತೆ. ನಿಮ್ಮ ಮಗ ಕಾರ್ ರೇಸ್ ಸೋತಾಗ ಏನು ಮಾಡುತ್ತಾನೆ? ಡಬ್ಬದ ಮೇಲಿನ 7ಕ್ಕಿಂತ ಅದನ್ನು ನಾನು ಜಾಸ್ತಿ ನಂಬುತ್ತೇನೆ.

ಆನ್‌ಲೈನ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆಟದೊಳಗೆ ಅಪರಿಚಿತರ ದನಿ ಕೇಳಿಸುವುದಿಲ್ಲ. ಆದರೆ ಬೇರೆಯವರ ಹೆಸರು, ಅವರು ಬಿಡಿಸಿದ ಚಿತ್ರ ಆಟದ ಪೇಟೆಯಲ್ಲಿ ಕಾಣುತ್ತವೆ. ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ಸ್ ಆ್ಯಪ್‌ನಲ್ಲಿ ಇಂಥ ಸಂಪರ್ಕಕ್ಕೆ ತಡೆ ಹಾಕಬಹುದು. ನಮ್ಮ ದುಡ್ಡು ಸುರಿದು ಒಳ್ಳೆ ಆಯುಧ ಕೊಳ್ಳುವ ಅಂಗಡಿ ಇಲ್ಲ, ಅದು ನನಗೆ ದೊಡ್ಡ ಸಮಾಧಾನ. ಹೊಸ ಕಥೆಯ ಪ್ಯಾಕ್ ಒಂದನ್ನು ಮಾತ್ರ ಬೇರೆಯಾಗಿ ಮಾರುತ್ತಾರೆ. ಆನ್‌ಲೈನ್ ಆಡುವುದಕ್ಕೆ ಚಂದಾ ಕಟ್ಟಬೇಕು. ಮೊದಲು ಅದನ್ನು ಕಟ್ಟಬೇಡಿ. ಒಬ್ಬರೇ ಆಡುವ ಕಥೆಯ ಭಾಗ ಇದೆ, ಇಂಟರ್ನೆಟ್ ಬೇಡ. ಅದನ್ನು ಮುಗಿಸಲಿ, ನೀವೂ ಜೊತೆಗೆ ಕೂರಿ.

ಪುಟ್ಟನ ಅಮ್ಮ:
ತುಂಬಾ ಥ್ಯಾಂಕ್ಸ್ ಅಕ್ಕ. ಸೋತರೆ ನಮ್ಮವನು ಅಳುತ್ತಾನೆ, ಆದರೆ ಎರಡು ನಿಮಿಷಕ್ಕೆ ಸರಿಹೋಗುತ್ತಾನೆ. ಕಥೆಯ ಭಾಗದಿಂದಲೇ ಶುರು ಮಾಡುತ್ತೇವೆ. ಇನ್ನೊಂದು ಕೇಳಲಾ? ಹೊತ್ತಿನ ಮಿತಿ ಹೇಗೆ ಇಡುತ್ತೀರಿ? ಮತ್ತೆ ಐದು ವರ್ಷದವಳು ಪಕ್ಕದಲ್ಲೇ ಕೂತು ನೋಡುತ್ತಾಳೆ, ಪರವಾಗಿಲ್ವಾ?

ಆಲ್ಮೇರೆ ಆಂಟಿ:
ಆನ್‌ಲೈನ್ ಶುರು ಮಾಡಿದ ಮೇಲೆ ನಿಮಿಷದ ಲೆಕ್ಕ ಬೇಡ, ಆಟದ ಲೆಕ್ಕ ಇಡಿ. "ಇನ್ನೆರಡು ಆಟ, ಆಮೇಲೆ ಊಟ" ಅಂದರೆ ಮಕ್ಕಳಿಗೆ ಸುಲಭವಾಗಿ ಅರ್ಥವಾಗುತ್ತೆ. ಜನ ಸೇರುವುದಕ್ಕೆ ಕಾಯುವುದೂ ಸೇರಿ ಒಂದಕ್ಕೆ ಐದು ನಿಮಿಷ ಹಿಡಿಯಿರಿ. ಆ್ಯಪ್‌ನಲ್ಲಿ ಹೊತ್ತು ಮೀರಿದ ತಕ್ಷಣ ಆಟ ತಾನೇ ನಿಲ್ಲುವ ಹಾಗೂ ಮಾಡಬಹುದು, ಆದರೆ ನಾನು ಅದನ್ನು ಹಾಕಿಲ್ಲ, ಬರೀ ಅಲಾರಂ ಇಟ್ಟಿದ್ದೇನೆ. ನಡುವೆ ಕಡಿದುಹೋದರೆ ಉಳಿದ ಮೂವರ ಆಟ ಹಾಳು. ಪದೇ ಪದೇ ಹಾಗಾದರೆ ಆ ಗೇಮೇ ನಮ್ಮನ್ನು ಸ್ವಲ್ಪ ಹೊತ್ತು ಆನ್‌ಲೈನ್ ಆಡುವುದಕ್ಕೆ ಬಿಡುವುದಿಲ್ಲ.

ಚಿಕ್ಕವಳು ಬಣ್ಣ ಬಳಿಯುವುದನ್ನು ನೋಡಿದರೆ ಏನೂ ತೊಂದರೆಯಿಲ್ಲ. ಸಾಮನ್ ರನ್ ಅಂತ ಇನ್ನೊಂದು ಬಗೆ ಇದೆ, ಅದರಲ್ಲಿ ಮಾತ್ರ ಕತ್ತಲಲ್ಲಿ, ಮಂಜಿನಲ್ಲಿ ದೊಡ್ಡ ದೊಡ್ಡ ಮೀನುಗಳು ಮೇಲೇರಿ ಬರುತ್ತವೆ. ಅದನ್ನು ಅವಳು ಮಲಗಿದ ಮೇಲೆ ಆಡಲಿ.