ನಕ್ಷೆಯಲ್ಲಿ ನಮ್ಮ ತೋಟದ ಮೇಲೇ ಸಿಂಗಳೀಕ! ಇದು ಸರಿಯಾ?

ತೋಟದಮನೆ_ಸಿದ್ದಾಪುರ:
ಉಂಚಳ್ಳಿ ಜಲಪಾತದ ಕಡೆ ನಮ್ಮದೊಂದು ಸಣ್ಣ ಹೋಮ್‌ಸ್ಟೇ. ಈಗೀಗ ಬರುವವರೆಲ್ಲ ಮೊಬೈಲಿನಲ್ಲಿ ಐನ್ಯಾಚುರಲಿಸ್ಟ್ (ಜನ ತಾವು ನೋಡಿದ ಪ್ರಾಣಿ, ಗಿಡಗಳನ್ನು ಹಾಕುವ ಆ್ಯಪ್) ನಕ್ಷೆ ತೆರೆದುಕೊಂಡೇ ಗಾಡಿ ಇಳಿಯುತ್ತಾರೆ. ಅದರಲ್ಲಿ ನಮ್ಮ ಅಡಿಕೆ ತೋಟದ ಮೇಲೆ ಸಿಂಗಳೀಕದ ಚುಕ್ಕೆ ಇದೆ. "ಎಲ್ಲಿದೆ, ತೋರಿಸಿ" ಅಂತ ಬೆಳಿಗ್ಗೆ ಚಹಾಕ್ಕೆ ಮೊದಲೇ ಶುರು. ಸಿಂಗಳೀಕ ದಟ್ಟ ಕಾಡಿನ ಮರದ ತುದಿಯಲ್ಲಿ ಇರುವ ಪ್ರಾಣಿ. ನಮ್ಮಲ್ಲಿಗೆ ಬರುವುದು ಮಂಗ, ಮುಸ್ಯ ಮಾತ್ರ. ಅವಕ್ಕೆ ನಕ್ಷೆಯೂ ಬೇಡ, ಆಮಂತ್ರಣವೂ ಬೇಡ. ಯಾರೋ ಸುಮ್ನೆ ಎಲ್ಲೋ ಪಿನ್ ಹಾಕಿದ್ದಾರಾ? ತೆಗೆಸುವುದು ಹೇಗೆ?

ಕಾಂಡ್ಲಾ_ಕಾರವಾರ:
ತೆಗೆಸಬೇಡಿ, ಬೇಕೆಂದೇ ಹಾಗೆ ತೋರಿಸುತ್ತಾರೆ. ಅಳಿವಿನ ಅಂಚಿನ ಪ್ರಾಣಿಗಳ ನಿಜವಾದ ಜಾಗವನ್ನು ಆ ನಕ್ಷೆ ಮುಚ್ಚಿಡುತ್ತದೆ. ಅಕ್ಷಾಂಶ, ರೇಖಾಂಶ ಎರಡರಲ್ಲೂ 0.2 ಡಿಗ್ರಿಯ ಒಂದು ಚೌಕ ಹಿಡಿದು, ಅದರೊಳಗೆ ಎಲ್ಲಾದರೂ ಚುಕ್ಕೆ ಇಡುತ್ತದೆ. ನಮ್ಮ ಕಡೆ ಅಂದರೆ ಚೌಕದ ಒಂದೊಂದು ಬದಿ ಸುಮಾರು 22 ಕಿಲೋಮೀಟರ್. ನೋಡಿದ ತಾರೀಖೂ ಕಾಣುವುದಿಲ್ಲ, ತಿಂಗಳು ಮತ್ತು ವರ್ಷ ಅಷ್ಟೇ. ಗುರುತಿಸುವುದು ಸುಲಭ: ಸರಿಯಾದ ಜಾಗ ಇದ್ದರೆ ಚೂಪು ತುದಿಯ ಪಿನ್ ಇರುತ್ತದೆ, ಮುಚ್ಚಿಟ್ಟದ್ದಾದರೆ ಬರೀ ದುಂಡು ಚುಕ್ಕೆ. ನಿಮ್ಮದು ದುಂಡಗಿದೆ ಅಲ್ವಾ?

ಘಟ್ಟದ_ದಾರಿ:
ಇನ್ನೊಂದು ಮಾತು. ಚುಕ್ಕೆ ಇಲ್ಲದ ಕಡೆ ಏನೂ ಇಲ್ಲ ಅಂದುಕೊಳ್ಳಬೇಡಿ. ದೇವಿಮನೆ ಘಟ್ಟದಲ್ಲಿ ನೋಡಿ, ರಸ್ತೆಯ ಪಕ್ಕದಲ್ಲೇ ಪಿನ್ನುಗಳ ಸಾಲು. ಹಕ್ಕಿಗಳೇನು ಡಾಂಬರು ಹುಡುಕಿಕೊಂಡು ಬರುತ್ತವಾ? ಜನ ಗಾಡಿ ನಿಲ್ಲಿಸಿದ ಜಾಗ ಅದು. ಮಳೆಗಾಲದ ತಿಂಗಳುಗಳನ್ನು ಮಾತ್ರ ಆರಿಸಿ ನೋಡಿದರೆ ಪಿನ್ನೂ ಕಡಿಮೆ. ಕಪ್ಪೆ, ಅಣಬೆ ಜಾಸ್ತಿ ಇರುವುದೇ ಆಗ, ಆದರೆ ಆ ಮಳೆಯಲ್ಲಿ ಮೊಬೈಲ್ ಹೊರಗೆ ತೆಗೆಯುವವರು ಯಾರು?

ತೋಟದಮನೆ_ಸಿದ್ದಾಪುರ:
ಹೌದು ಮಾರಾಯ್ರೆ, ದುಂಡಗೇ ಇದೆ! ಇನ್ನು ಯಾರಾದರೂ ಕೇಳಿದರೆ ಈ ಎಳೆಯನ್ನೇ ಓದಿಸುತ್ತೇನೆ. ಸಿಂಗಳೀಕ ಬಿಡಿ, ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದ ಮರಗಳಲ್ಲಿ ಮಳೆ ಹಿಡಿಯುವ ಹೊತ್ತಿಗೆ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್ ಹೂ) ಜೋತು ಬೀಳುತ್ತದೆ. ನಾನೂ ಒಂದು ಖಾತೆ ತೆರೆದು ಅದನ್ನು ಹಾಕೋಣ ಅಂತಿದ್ದೇನೆ. ಒಂದು ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಗೂಡೂ ಇದೆ. ಅದನ್ನು ಹಾಕಬಹುದಾ?

ಕಾಂಡ್ಲಾ_ಕಾರವಾರ:
ಸೀತಾಳೆ ಖಂಡಿತ ಹಾಕಿ. ಮನೆ ಅಂಗಳದ ಜಾಗ ಕಾಣುವುದು ಬೇಡ ಅಂದರೆ ನೀವೇ ಮುಚ್ಚಿಡುವ ಆಯ್ಕೆ ಇದೆ. ಕುಂಡದಲ್ಲಿ ನೆಟ್ಟ ಗಿಡವಾದರೆ "ನೆಟ್ಟದ್ದು" ಅಂತ ಗುರುತು ಮಾಡಿ. ಗೂಡು ಮಾತ್ರ ಈಗ ಬೇಡ. ಹೆಣ್ಣು ಪೊಟರೆ ಬಾಯಿ ಮುಚ್ಚಿಕೊಂಡು ಒಳಗೆ ಕೂತಿರುತ್ತದೆ, ಗಂಡು ತಂದುಕೊಟ್ಟದ್ದೇ ಅದರ ಊಟ. ಕೆಳಗೆ ಕ್ಯಾಮೆರಾದವರು ನಿಂತರೆ ಗಂಡು ಹತ್ತಿರ ಬರಲು ಅಂಜುತ್ತದೆ. ಮರಿ ಹಾರಿಹೋದ ಮೇಲೆ, ಜಾಗ ಮುಚ್ಚಿಟ್ಟು ಹಾಕಿ. ಅತಿಥಿಗಳಿಗೂ ಆ ಮರ ತೋರಿಸಬೇಡಿ.