ಅಪ್ಪನ ಸಾಲ ನಾನು ಕಟ್ಟಲೇಬೇಕಾ? ಪೆನ್ಷನ್ ಜಪ್ತಿ ಮಾಡಬಹುದಾ?

ಪ್ರಶ್ನೆ
ಅಪ್ಪ ನಿವೃತ್ತ ಸರ್ಕಾರಿ ನೌಕರರು, 71 ವರ್ಷ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗಡೆ ಸ್ವಾಧೀನ ಇಲ್ಲ. ನಾನು ಕೆಲಸ ಬಿಟ್ಟು ನೋಡಿಕೊಳ್ಳುತ್ತಿದ್ದೇನೆ, ಮನೆ ನಡೆಯುವುದು ಅವರ ಪೆನ್ಷನ್‌ನಿಂದಲೇ. ಕಾಯಿಲೆಗೆ ಮುಂಚೆ ತೆಗೆದುಕೊಂಡಿದ್ದ ಪರ್ಸನಲ್ ಲೋನ್ ಕಂತು ಆರು ತಿಂಗಳಿಂದ ಕಟ್ಟಿಲ್ಲ. ವಸೂಲಿಯವರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, "ಮಗಳಲ್ವಾ, ನೀವೇ ಕಟ್ಟಬೇಕು, ಇಲ್ಲಾಂದ್ರೆ ಪೆನ್ಷನ್ ಜಪ್ತಿ ಮಾಡಿಸ್ತೀವಿ" ಎನ್ನುತ್ತಾರೆ. ಫೋನ್ ಹೊಡೆದುಕೊಂಡರೆ ಸಾಕು, ಅಪ್ಪ ಎಡಗೈಯಲ್ಲಿ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಅಣ್ಣ ಬೇರೆ ಊರಲ್ಲಿದ್ದಾನೆ, ಒಂದು ರೂಪಾಯಿ ಕಳಿಸುವುದಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1
ಅಪ್ಪನನ್ನು ನೋಡಿಕೊಳ್ಳುತ್ತೀರಿ ಅಂದ ಮಾತ್ರಕ್ಕೆ ಅವರ ಸಾಲ ನಿಮ್ಮದಾಗುವುದಿಲ್ಲ ಅಕ್ಕ. ಮುಂದೆ ಅವರ ಆಸ್ತಿ ಮಕ್ಕಳ ಕೈಗೆ ಬಂದರೂ ಆ ಆಸ್ತಿ ಎಷ್ಟಿದೆಯೋ ಅಷ್ಟರಲ್ಲೇ ವಸೂಲಿ, ನಿಮ್ಮ ಸ್ವಂತ ದುಡ್ಡಿಗೆ ಕೈ ಹಾಕುವ ಹಾಗಿಲ್ಲ. ಆದರೆ ಜಾಮೀನಿಗೆ ಸಹಿ ಹಾಕಿದ್ದರೆ ಮಾತು ಬೇರೆ, ಬ್ಯಾಂಕ್ ನೇರವಾಗಿ ಜಾಮೀನುದಾರರನ್ನೇ ಹಿಡಿಯಬಹುದು. ಮೊದಲು ಲೋನ್ ಕಾಗದ ಹುಡುಕಿ. ಅವರು ತರುವ ಯಾವ ಹೊಸ ಕಾಗದಕ್ಕೂ ಸುಮ್ನೆ ಸಹಿ ಹಾಕಬೇಡಿ.

ಉತ್ತರ 2
ಪೆನ್ಷನ್ ವಿಷಯ ಹೇಳುತ್ತೇನೆ, ನಮ್ಮ ಮಾವನಿಗೂ ಇದೇ ಬೆದರಿಕೆ ಬಂದಿತ್ತು. 1871ರ ಪಿಂಚಣಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಸರ್ಕಾರಿ ಪೆನ್ಷನ್ ಜಪ್ತಿ ಮಾಡಿಸುವ ಹಾಗಿಲ್ಲ. ಕಂತು ಅದೇ ಖಾತೆಯಿಂದ ತಾನಾಗಿ ಕಟ್ ಆಗುವಂತೆ ಅಪ್ಪ ಬರೆದುಕೊಟ್ಟಿದ್ದರೆ ಅದು ಜಪ್ತಿಯಲ್ಲ, ಅದನ್ನು ಬ್ಯಾಂಕಿನಲ್ಲೇ ವಿಚಾರಿಸಿ. ಇನ್ನು ರಾತ್ರಿ ಒಂಬತ್ತಕ್ಕೆ ಫೋನ್ ಮಾಡುವುದೇ ತಪ್ಪು! ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಕರೆ ಬಂದ ದಿನ, ಹೊತ್ತು ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಫೀಸ್ ಇಲ್ಲ.

ಉತ್ತರ 3
ಅಣ್ಣನನ್ನು ಹಾಗೇ ಬಿಡಬೇಡಿ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅಪ್ಪ ಮಕ್ಕಳಿಂದ ಜೀವನಾಂಶ ಕೇಳಬಹುದು, ತಿಂಗಳಿಗೆ 10,000 ರೂಪಾಯಿವರೆಗೆ. ಅರ್ಜಿ ಎ.ಸಿ. (ಉಪವಿಭಾಗಾಧಿಕಾರಿ) ಆಫೀಸಿಗೆ. ಅವರಿಗೆ ಓಡಾಡಲು ಆಗದಿದ್ದರೆ ಅವರ ಒಪ್ಪಿಗೆ ಪಡೆದು ನೀವೇ ಹಾಕಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೀರುವಿನಲ್ಲಿ, ಅಪ್ಪನ ಹಳೇ ಸಂಬಳದ ಚೀಟಿಗಳ ಕೆಳಗೆ ಲೋನ್ ಕಾಗದ ಸಿಕ್ಕಿತು. ನನ್ನ ಸಹಿ ಎಲ್ಲೂ ಇಲ್ಲ. ಜಾಮೀನಿಗೆ ಸಹಿ ಹಾಕಿರುವುದು ಅಣ್ಣ. ಇಷ್ಟು ದಿನ ಒಂದು ಮಾತೂ ಹೇಳಿರಲಿಲ್ಲ. ಇವತ್ತು ಅವನಿಗೇ ಮೊದಲು ಫೋನ್ ಮಾಡುತ್ತೇನೆ.